ರೇಷ್ಮೆ ಸುತ್ತಿದ ತಂತಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಜೋತುಬಿದ್ದ ಎಳೆಯನ್ನು ಕಂಡೂ ಸುಮ್ಮನೆ ಮುಂದೆ ಹೋಗುವ ಹಾಗಿರಲಿಲ್ಲ. ಸೀರೆಯ ಅಂಚಿನಲ್ಲಾಗಲಿ, ಮಗ್ಗದ ಹಗ್ಗದಲ್ಲಾಗಲಿ, ಒಂದು ನೂಲು ಬೇಡದ ಕಡೆ ಇಣುಕುತ್ತಿದ್ದರೆ ಅದನ್ನು ಕತ್ತರಿಸಿಯೇ ಮುಂದಿನ ಕೆಲಸ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿದ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಇದನ್ನು ಕಲಿಸುತ್ತಿದ್ದರು. ನನ್ನ ಕೊರಳಿನ ದಾರದಲ್ಲಿ ಒಂದು ಪುಟ್ಟ ಕತ್ತರಿ ಯಾವಾಗಲೂ ನೇತಾಡುತ್ತಿತ್ತು. ಮಕ್ಕಳೇ, ನಾನು ಹೇಳಹೊರಟಿರುವುದು ಆ ಕತ್ತರಿ ಮಾಡಿದ ಒಂದು ಕೆಲಸದ ಬಗ್ಗೆ.

ಮನೆ ಇದೇ, ಈಗ ನಾವಿರುವುದೇ. ನಿಮ್ಮ ಸೈಕಲ್ಲುಗಳು ನಿಲ್ಲುವ ಮುಂದಿನ ಕೋಣೆಯಲ್ಲಿ ಆಗ ದೊಡ್ಡಪ್ಪನ ರೇಷ್ಮೆ ನೂಲಿನ ಅಂಗಡಿಯಿತ್ತು. ನಡುಮನೆ ದಾಟಿದರೆ ಹಿಂದೆ ಮಗ್ಗದ ಕೋಣೆ. ಅಲ್ಲಿ ಎರಡು ಗುಣಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲಿಳಿಸಿ ಕೂತು ನೇಯುವ ಮಗ್ಗಗಳು. ಆ ಕೋಣೆಗೆ ಅದರದೇ ಒಂದು ವಾಸನೆ: ಬೇಯಿಸಿದ ರೇಷ್ಮೆಯದು, ಗಂಜಿಯದು, ದೇವರ ಗೂಡಿನ ವಿಭೂತಿಯದು. ಲಾಳಿ ಆಚೆಯಿಂದ ಈಚೆಗೆ ಓಡುವ ಸದ್ದಿಗೆ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುತ್ತಿರಲಿಲ್ಲ.

ಒಂದು ಸೀರೆಯ ಹಾಸು, ಅಂದರೆ ಮಗ್ಗದ ಉದ್ದಕ್ಕೂ ಬಿಗಿದ ಎಳೆಗಳು, ಮುಗಿದು ಹೊಸ ಹಾಸು ಬಂದಾಗ, ಹಳೆಯದರ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆ ಸೇರಿಸಬೇಕು. ಅದಕ್ಕೆ ನಮ್ಮಲ್ಲಿ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ಕೂದಲಿಗಿಂತ ಸಣ್ಣ. ಈ ಕೆಲಸ ಅಜ್ಜಿಯದು. ಬೆರಳ ತುದಿಯನ್ನು ಬೂದಿಗೆ ಸೋಕಿಸಿ, ಎರಡು ತುದಿಗಳನ್ನು ಕೂಡಿಸಿ ಒಂದೇ ಸಲ ಹೊಸೆದರೆ ಸಾಕು, ಬೂದಿಯ ಹಿಡಿತಕ್ಕೆ ಎಳೆ ಕೂಡಿಕೊಳ್ಳುತ್ತಿತ್ತು. ಗಂಟು ಬೀಳುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಒಲೆಯ ಬೂದಿ, ನಮ್ಮಜ್ಜಿಗೆ ಮಾತ್ರ ವಿಭೂತಿಯೇ ಆಗಬೇಕು. ಹಣೆಗೆ ಹಚ್ಚಿ ಉಳಿದದ್ದು ಬೆರಳಿಗೆ. ಅಕ್ಕನಿಗೂ ಆ ಕೈಚಳಕ ಬಂದಿತ್ತು. ನನಗೆ ಇನ್ನೂ ಬಂದಿರಲಿಲ್ಲ. ನಾನು ಬರೀ ಕತ್ತರಿಯವಳು.

ಆ ವರ್ಷ ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂತು. ಬೆರಳಿಗೆ ಎಳೆ ಸಿಕ್ಕಿದರೂ ಬಣ್ಣ ತಿಳಿಯುತ್ತಿರಲಿಲ್ಲ. ಕೆಂಪು ಎಳೆಗೆ ಹಸಿರು ಸೇರಿಸಿದ್ದು ಗೊತ್ತಾದ ದಿನ ಅಜ್ಜಿ ಊಟ ಮಾಡಲಿಲ್ಲ. ಅಪ್ಪ ಅಜ್ಜಿಯನ್ನು ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಒಂದು ಕಣ್ಣಿಗೆ ಆಪರೇಷನ್ ಆಯಿತು. ಶನಿವಾರ ಕಟ್ಟು ಬಿಚ್ಚುತ್ತಾರೆ ಎಂದು ಗೊತ್ತಾಯಿತು.

ಹೋಗುವ ಮುಂಚೆಯೇ ಅಪ್ಪ ಅವ್ವನಿಗೆ ಒಂದು ಮಾತು ಹೇಳಿದ್ದರು. ಕಟ್ಟು ಬಿಚ್ಚಿದ ದಿನ ಮೂರರಿಂದ ನಾಲ್ಕರೊಳಗೆ ದೊಡ್ಡಪ್ಪನ ಫೋನಿಗೆ ಟ್ರಂಕ್ ಕಾಲ್ ಮಾಡುತ್ತೇನೆ. ಕಣ್ಣು ಕಾಣುವಂತಾಗಿದ್ದರೆ ಫೋನ್ ಬರುತ್ತದೆ. ಬರದಿದ್ದರೆ ಏನೋ ಕೆಟ್ಟಿದೆ, ಮತ್ತೆ ಆಪರೇಷನ್ ಎಂದು ತಿಳಿದು ಐದು ಗಂಟೆ ಬಸ್ಸು ಹತ್ತು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲ, ಅಜ್ಜಿಯ ಜೊತೆಗೆ ನೀನೇ ಇರಬೇಕು. ಹೀಗೆ ಹೇಳಿ ಹೋಗಿದ್ದರು. ಅವ್ವ ಶನಿವಾರ ಬೆಳಿಗ್ಗೆಯೇ ಎರಡು ಸೀರೆ, ಒಂದು ಚೊಂಬು, ಹುರಿಟ್ಟಿನ ಪೊಟ್ಟಣ ಚೀಲಕ್ಕೆ ತುಂಬಿ ನಡುಮನೆಯ ಬಾಗಿಲ ಪಕ್ಕ ಇಟ್ಟಳು. ಇಟ್ಟವಳು ಆ ಚೀಲದ ಕಡೆ ಮತ್ತೆ ನೋಡಲಿಲ್ಲ.

ಅದೇ ಬೆಳಿಗ್ಗೆ ಲೈನ್‌ಮನ್ ಬಂದರು. ಮಗ್ಗದ ಸದ್ದಿನಲ್ಲಿ ಅಂಗಡಿಯ ಫೋನಿನ ಗಂಟೆ ಹಿಂದಕ್ಕೆ ಕೇಳುತ್ತಿರಲಿಲ್ಲ ಎಂದು ದೊಡ್ಡಪ್ಪ ಮಗ್ಗದ ಕೋಣೆಯಲ್ಲೂ ಫೋನ್ ಸಿಕ್ಕಿಸುವ ಒಂದು ಜಾಗ ಮಾಡಿಕೊಡಿ ಎಂದು ಟೆಲಿಫೋನ್ ಆಫೀಸಿಗೆ ಅರ್ಜಿ ಕೊಟ್ಟು ಬಹಳ ದಿನವಾಗಿತ್ತು. ಬೇರೆ ಯಾವತ್ತೂ ಬರದವರು ಸರಿಯಾಗಿ ಆವತ್ತೇ ಬಂದದ್ದು ಮಾದಪ್ಪನ ದಯೆ ಎಂದು ಅವ್ವ ಕೈಮುಗಿದಳು. ದೊಡ್ಡಪ್ಪನಿಗೆ ರೇಷ್ಮೆ ಗೂಡು ಕೊಳ್ಳಲು ಹನೂರಿಗೆ ಹೋಗಲೇಬೇಕಿತ್ತು. ಅಂಗಡಿಗೆ ಬೀಗ ಹಾಕಿ ಹೋದರೂ ಫೋನು ಹಿಂದೆ ನಮ್ಮ ಕೈಗೆ ಸಿಗುತ್ತದಲ್ಲ ಎಂಬ ನೆಮ್ಮದಿ.

ನಾನು ಲೈನ್‌ಮನ್ನರ ಹಿಂದೆ ಹಿಂದೆಯೇ ಸುತ್ತಿದೆ. ಅವರು ಮಾರ್ಟಳ್ಳಿ ಕಡೆಯವರು, ನಮ್ಮೊಡನೆ ಕನ್ನಡ ಆಡಿದರೂ ಎಣಿಸುವುದೆಲ್ಲ ತಮಿಳಿನಲ್ಲಿ. ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡೇ ‘ಒಣ್ಣು, ರೆಂಡು’ ಎನ್ನುತ್ತಿದ್ದರು. ಅಂಗಡಿಯ ಗೋಡೆಗೆ ಬೈರಿಗೆಯಿಂದ ತೂತು ಕೊರೆದಾಗ ಸುಣ್ಣದ ಪುಡಿ ಅಕ್ಕಿ ಹಿಟ್ಟಿನಂತೆ ಸುರಿಯಿತು. ಆ ತೂತಿನಿಂದ ತಂತಿಯನ್ನು ನಡುಮನೆಗೆ ತಂದು, ತೊಲೆಯ ಪಕ್ಕದಲ್ಲೇ ಗೇಣಿಗೊಂದು ಕ್ಲಿಪ್ಪು ಹೊಡೆಯುತ್ತಾ ಮಗ್ಗದ ಕೋಣೆಗೆ ಇಳಿಸಿದರು. ಗೋಡೆಗೆ ಮರದ ಬೆಣೆ ಬಡಿದು, ಅದರ ಮೇಲೆ ಸಾಬೂನಿನಷ್ಟು ದೊಡ್ಡ ಒಂದು ಡಬ್ಬಿ ಕೂರಿಸಿದರು. ನೀವು ಜಾಕ್ ಎನ್ನುತ್ತೀರಲ್ಲ, ಅದರ ಅಜ್ಜ ಅದು.

ತಂತಿ ಎಂದರೆ ಒಂದಲ್ಲ, ಎರಡು. ಒಂದು ನೀಲಿ, ಒಂದು ಬಿಳಿ, ಎರಡೆಳೆ ಜಡೆಯಂತೆ ಹೊಸೆದದ್ದು. ಮಾತಾಡುವುದು ಒಂದು ಬಾಯಿ, ಎರಡು ತಂತಿ ಯಾಕೆ ಎಂದು ಕೇಳಿದೆ. ನಿಮ್ಮ ಲಾಳಿ ಆ ಕಡೆ ಹೋಗಿ ಅಲ್ಲೇ ನಿಂತುಬಿಟ್ಟರೆ ಸೀರೆ ಆಗುತ್ತದಾ, ವಾಪಸ್ಸು ಬರಬೇಕಲ್ಲ, ಇಲ್ಲೂ ಹಾಗೆಯೇ ಎಂದರು ಅವರು. ಹಾಗಾದರೆ ಮಾತು ಹೋಗುವುದು ನೀಲಿಯಲ್ಲೋ ಬಿಳಿಯಲ್ಲೋ? ಅದಕ್ಕೆ ಅವರು ನಕ್ಕರಷ್ಟೇ. ತಂತಿಯ ತುದಿಗಳನ್ನು ಹಲ್ಲಿನಲ್ಲಿ ಕಚ್ಚಿ, ಏನನ್ನೋ ನೆಲಕ್ಕೆ ಉಗುಳಿ, ಡಬ್ಬಿಯೊಳಗೆ ತಿರುಪು ಬಿಗಿದರು. ದೊಡ್ಡಪ್ಪನ ಕಪ್ಪು ಫೋನನ್ನು ಹಿಂದಕ್ಕೆ ತಂದು ಸಿಕ್ಕಿಸಿ ನನ್ನ ಕಿವಿಗೆ ಹಿಡಿದರು. ಒಳಗೆ ‘ಗುಂಯ್’ ಎಂದು ಸದ್ದು. ದುಂಬಿ ಹೂವಿನೊಳಗೆ ಕೂತ ಹಾಗೆ. ನನಗೆ ಆ ದುಂಬಿ ಎಲ್ಲಿದೆ ಎಂದು ನೋಡಲೇಬೇಕು ಅನ್ನಿಸಿತು.

ನಾನು ಅವರಿಗೆ ನೀರು ತರಲು ಹೋದಾಗ ಅವರು ಕೊನೆಯ ಕೆಲಸ ಮುಗಿಸಿದರು. ಮಧ್ಯಾಹ್ನದ ಬಸ್ಸಿಗೆ ಯಳಂದೂರಿನಲ್ಲಿ ಇನ್ನೊಂದು ಕೆಲಸ ಇದೆ ಎಂದು ನೀರು ಕುಡಿದು ಹೊರಟರು. ದೊಡ್ಡಪ್ಪನೂ ಅಂಗಡಿಗೆ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹನೂರಿಗೆ ಹೊರಟರು. ಪೊರಕೆ ಎತ್ತಿಕೊಂಡ ಅಕ್ಕನನ್ನು ಅವ್ವ ತಡೆದಳು. ಮನೆಯಿಂದ ಒಬ್ಬರು ಊರಿಗೆ ಹೊರಟರೆ ಅವರ ಬೆನ್ನಿಗೇ ಕಸ ಗುಡಿಸಬಾರದು. ಅದರಿಂದ ಸುಣ್ಣದ ಪುಡಿ, ಮೊಳೆ ಚೂರು ಎಲ್ಲ ಮಗ್ಗದ ಕೋಣೆಯಲ್ಲಿ ಬಿದ್ದಲ್ಲೇ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಊಟವಾದ ಮೇಲೆ ಅವ್ವ ಗುಡಿಗೆ ಹೋದಳು. ನಾನು ಫೋನಿನ ಮುಂದೆ ಕಾಲು ಮಡಚಿ ಕೂತೆ. ಆಗ ಕಣ್ಣಿಗೆ ಬಿತ್ತು. ಗೋಡೆಯ ಡಬ್ಬಿಯ ಕೆಳಗೆ ತಂತಿ ಸ್ವಲ್ಪ ಹೆಚ್ಚಾಗಿ, ಬಳೆಯಂತೆ ಸುತ್ತು ಬಂದು ಜೋತುಬಿದ್ದಿತ್ತು. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದವರು ಇದನ್ನು ಮರೆತು ಹೋಗಿದ್ದಾರಲ್ಲ ಎಂದು ನನಗೆ ಪಾಪ ಅನ್ನಿಸಿತು. ಅಜ್ಜಿ ಬರುವಷ್ಟರಲ್ಲಿ ಚೊಕ್ಕಟ ಮಾಡಿಬಿಡೋಣ. ಕೊರಳಿನ ಕತ್ತರಿ ಕೈಗೆ ತಾನಾಗಿಯೇ ಬಂತು. ಆ ಬಳೆಯ ನಟ್ಟನಡುವೆ ಇಟ್ಟು ಒತ್ತಿದೆ.

ನೂಲಿನ ಹಾಗೆ ಅದು ಮೆತ್ತಗೆ ತುಂಡಾಗಲಿಲ್ಲ. ‘ಕಟ್’ ಎಂದಿತು. ಎರಡು ತುದಿ ಆ ಕಡೆಗೆ, ಎರಡು ಈ ಕಡೆಗೆ ನೇತಾಡಿದವು. ಉಳಿದದ್ದನ್ನೂ ಸವರಲು ಹೋದವಳು ನಿಂತೆ. ಕತ್ತರಿಸಿದ ಕಡೆ, ನೀಲಿಯ ನಡುವೆ, ಸಾಸಿವೆಯ ಕಾಲುಭಾಗದಷ್ಟು ಒಂದು ಕೆಂಪು ಚುಕ್ಕೆ ಹೊಳೆಯುತ್ತಿತ್ತು. ಬಿಳಿಯದರಲ್ಲೂ ಅದೇ ಕೆಂಪು. ಆ ಚುಕ್ಕೆ ಕಂಡದ್ದರಿಂದ ನಾನು ನಿಂತೆ, ತಂತಿ ಕೂಡಿಸುವಷ್ಟು ಉಳಿಯಿತು. ಫೋನೆತ್ತಿ ಕಿವಿಗಿಟ್ಟೆ. ದುಂಬಿ ಇಲ್ಲ. ಅಕ್ಕಾ ಎಂದು ಕೂಗಿದೆ.

ಅಕ್ಕ ಬಂದಳು, ನೋಡಿದಳು, ನನ್ನ ತಲೆಗೊಂದು ಮೊಟಕಿದಳು. ಆದರೆ ಹೆದರಲಿಲ್ಲ.

“ಎಳೆ ತಾನೆ ಬುಡು. ಅವ್ವ ಬರೋದ್ರೊಳ್ಗೆ ಕೆಚ್ಚಾಕ್ತೀನಿ.”

ದೇವರ ಗೂಡಿನಿಂದ ವಿಭೂತಿ ತಂದಳು. ಬೆರಳಿಗೆ ಸೋಕಿಸಿ, ನೀಲಿಗೆ ನೀಲಿ, ಬಿಳಿಗೆ ಬಿಳಿ ಸೇರಿಸಿ ಹೊಸೆದಳು. ಎಂಥ ಕೈ ಅವಳದು! ಕೂಡಿದ್ದು ಎಲ್ಲಿ ಎಂದು ಹುಡುಕಬೇಕು, ಹಾಗೆ ಕೂಡಿಸಿದಳು. ಇಬ್ಬರೂ ಒಂದೇ ಫೋನಿಗೆ ಕಿವಿಯಿಟ್ಟು ಕೇಳಿದೆವು. ಏನೂ ಇಲ್ಲ. ಬಿಚ್ಚಿ ಮತ್ತೆ ಹೊಸೆದಳು. ಇನ್ನೂ ಹೆಚ್ಚು ವಿಭೂತಿ ಹಾಕಿದಳು. ದೇವರ ಹೆಸರು ಹೇಳಿದಳು. ಫೋನು ಸತ್ತೇ ಇತ್ತು.

ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಯಳಂದೂರಿನ ಬಸ್ಸು ಆಗಲೇ ಹೋಗಿ ಎಷ್ಟೋ ಹೊತ್ತಾಗಿತ್ತು. ವಾಪಸ್ಸು ಬರುವಾಗ ಓಡಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಮೈಸೂರಿನಲ್ಲಿ ಅಪ್ಪ ಫೋನ್ ಮಾಡುತ್ತಾರೆ, ಇಲ್ಲಿ ಗಂಟೆ ಬಾರಿಸುವುದಿಲ್ಲ. ಅಜ್ಜಿಗೆ ಕಣ್ಣು ಕಾಣಿಸಿದ್ದರೂ, ಕಾಣಿಸಿಲ್ಲವೆಂದೇ ಅವ್ವ ತಿಳಿಯುತ್ತಾಳೆ. ನಾನು ಕತ್ತರಿಸಿದ್ದು ತಂತಿಯನ್ನಲ್ಲ, ಅಜ್ಜಿಯ ಕಣ್ಣನ್ನೇ ಅನ್ನಿಸಿಬಿಟ್ಟಿತು ಆ ದಾರಿಯಲ್ಲಿ.

ಮನೆಗೆ ಬಂದಾಗ ಅವ್ವ ನಡುಮನೆಯಲ್ಲಿ ಗಡಿಯಾರದ ಕೆಳಗೆ ಕೂತಿದ್ದಳು. ನಾಲ್ಕಾಗಲು ಹತ್ತು ನಿಮಿಷವಿತ್ತು. ಅಕ್ಕ ಬಾಗಿಲ ಹಿಂದಿನಿಂದ, ಹೇಳಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಅವ್ವ ನಿಧಾನವಾಗಿ ಎದ್ದಳು. ಬಾಗಿಲ ಪಕ್ಕದ ಚೀಲವನ್ನು ಬೆಳಿಗ್ಗೆ ಇಟ್ಟ ಮೇಲೆ ಮೊದಲ ಸಲ ನೋಡಿದಳು, ಅದರ ಬಾಯಿಗೆ ದಾರ ಕಟ್ಟತೊಡಗಿದಳು.

“ನಿಮ್ಮಪ್ಪ ಫೋನ್ ಮಾಡ್ನಿಲ್ಲ. ನಾನು ಓಯ್ತೀನಿ ಕಣ್ರವ್ವ. ಜಗಳ ಆಡ್ದೆ ಇರಿ.”

ಒಂದು ಗಂಟು ಹಾಕಲು ಅವಳಿಗೆ ಮೂರು ಸಲ ಬೇಕಾಯಿತು. ನನಗೆ ತಡೆಯಲಾಗಲಿಲ್ಲ. ಅವ್ವ, ಅಪ್ಪ ಮಾಡಿದ್ದಾರೋ ಏನೋ, ತಂತಿಯನ್ನು ಕತ್ತರಿಸಿದ್ದು ನಾನು ಎಂದು ಹೇಳಿಬಿಟ್ಟೆ.

ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವ್ವ ಅಲ್ಲೇ ಚೀಲದ ಪಕ್ಕ ಕುಸಿದು ಕೂತು ಒಂದು ದೊಡ್ಡ ಉಸಿರು ಬಿಟ್ಟಳು. ಈಗ ನನಗೆ ಗೊತ್ತು, ಅದು ಕೋಪದ ಉಸಿರಲ್ಲ. ಕೆಟ್ಟ ಸುದ್ದಿ ಬಂದಿಲ್ಲ, ಯಾವ ಸುದ್ದಿಯೂ ಬಂದಿಲ್ಲ, ಅಷ್ಟಾದರೂ ಆಯಿತಲ್ಲ ಎಂಬ ಉಸಿರು ಅದು. “ಎಲ್ಲದೆ ತೋರ್ಸು ನಡಿ” ಎಂದಳು.

ಮೂವರೂ ಮಗ್ಗದ ಕೋಣೆಗೆ ಹೋದೆವು. ಬೆಳಿಗ್ಗೆಯಿಂದ ಅವರು ಏನೇನು ಮಾಡಿದರು, ಒಂದೂ ಬಿಡದೆ ಹೇಳು ಎಂದಳು ಅವ್ವ. ನಾನು ಕಣ್ಣು ಮುಚ್ಚಿ ಹೇಳುತ್ತಾ ಬಂದೆ. ತೂತು ಕೊರೆದರು, ಕ್ಲಿಪ್ಪು ಹೊಡೆದರು, ಬೆಣೆ ಬಡಿದರು, ತುದಿಯನ್ನು ಹಲ್ಲಿನಲ್ಲಿ ಕಚ್ಚಿದರು, ಏನೋ ಉಗುಳಿದರು. ಏನನ್ನು ಉಗುಳಿದರು? ನಾನು ನೆಲಕ್ಕೆ ಬಗ್ಗಿದೆ. ಗುಡಿಸದೆ ಬಿಟ್ಟ ಸುಣ್ಣದ ಪುಡಿಯಲ್ಲಿ ಬೆರಳಾಡಿಸಿದೆ. ಸಿಕ್ಕಿತು: ಉಗುರಿನಷ್ಟು ಉದ್ದದ ಒಂದು ನೀಲಿ ಚೂರು. ಬೆಳಕಿಗೆ ಹಿಡಿದರೆ ಈ ತುದಿಯಿಂದ ಆ ತುದಿ ಕಾಣಿಸಿತು. ಒಳಗೆ ಏನೂ ಇಲ್ಲದ ಬರೀ ಕೊಳವೆ.

“ಅಕ್ಕ, ಇದು ಅಂಗಿ. ಅವ್ರು ಅಂಗಿ ಬಿಚ್ಚಿದ್ರು.”

ಅಕ್ಕ ಅದನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ಥಟ್ಟನೆ ತಿಳಿಯಿತು. ನಮ್ಮ ಜರಿಯಲ್ಲಿ ರೇಷ್ಮೆ ಒಳಗೆ, ಲೋಹದ ತಗಡು ಹೊರಗೆ ಸುತ್ತಿರುತ್ತದೆ. ಇಲ್ಲಿ ಲೋಹ ಒಳಗೆ, ಬಣ್ಣದ್ದು ಬರೀ ಹೊದಿಕೆ. “ಜರೀನ ಒಳ್ಗೊರ್ಗ್ ಮಾಡ್ದಂಗದೆ ಕಣೇ” ಎಂದಳು. ಅವಳು ಅಷ್ಟು ಹೊತ್ತು ಕೂಡಿಸಿದ್ದು ಹೊದಿಕೆಗೆ ಹೊದಿಕೆಯನ್ನು. ಒಳಗಿನವು ಒಂದನ್ನೊಂದು ಮುಟ್ಟಿರಲೇ ಇಲ್ಲ.

ಹೊದಿಕೆಯನ್ನು ಕಚ್ಚಿ ತೆಗೆಯುವ ಕೆಲಸ ನನ್ನದಾಯಿತು. ಮಕ್ಕಳೇ, ನೀವು ಇದನ್ನು ಎಂದೂ ಮಾಡಬಾರದು. ಕರೆಂಟಿನ ತಂತಿಯಾಗಿದ್ದರೆ ಇವತ್ತು ಈ ಅಜ್ಜಿ ನಿಮಗೆ ಇರುತ್ತಿರಲಿಲ್ಲ. ಗೋಡೆಯ ಕಡೆಯಿಂದ ಬಂದ ಬಿಳಿಯದನ್ನು ಕಚ್ಚಿದಾಗ ಏನೂ ಆಗಲಿಲ್ಲ. ನೀಲಿಯದನ್ನು ಕಚ್ಚಿದೆ, ನಾಲಿಗೆ ‘ಜುಂ’ ಎಂದಿತು, ಹಸಿ ಕೆಸುವಿನ ಎಲೆ ಸೋಕಿದ ಹಾಗೆ. ಅಷ್ಟು ಹೆದರಿಕೆಯಲ್ಲೂ ನನಗೆ ಒಳಗೊಳಗೇ ಸಂತೋಷವಾಯಿತು. ಲೈನ್‌ಮನ್ ಹೇಳದೆ ಬಿಟ್ಟದ್ದನ್ನು ನನ್ನ ನಾಲಿಗೆ ಕಂಡುಹಿಡಿದಿತ್ತು ಎಂದುಕೊಂಡೆ. ದುಂಬಿ ಇರುವುದು ನೀಲಿಯಲ್ಲಿ.

ನಡುಮನೆಯ ಗಡಿಯಾರ ನಾಲ್ಕು ಹೊಡೆಯಿತು. ಅವ್ವ ಮಗ್ಗದ ಮರವನ್ನು ಹಿಡಿದು ನಿಂತಿದ್ದಳು. ಅಕ್ಕ ಬಿಳಿಯ ತಂತಿಯ ಒಳಗಿನ ತಾಮ್ರಕ್ಕೆ ತಾಮ್ರ ಸೇರಿಸಿ ಹೊಸೆದಳು. ಬರಿ ತಾಮ್ರ ಬಿಟ್ಟರೆ ಎಳೆ ಕೆದರುತ್ತದೆ ಎಂದು ಅವಳಿಗೆ ಅನ್ನಿಸಿತಂತೆ, ಕೈಗೆ ಸಿಕ್ಕ ಹಳದಿ ರೇಷ್ಮೆಯ ಎಳೆಯನ್ನು ಅದರ ಮೇಲೆ ಒತ್ತೊತ್ತಾಗಿ ಸುತ್ತಿದಳು. ಆಮೇಲೆ ನೀಲಿಯ ಎರಡು ತುದಿ ಎರಡು ಕೈಯಲ್ಲಿ ಹಿಡಿದು ಹತ್ತಿರ ತಂದಳು, ಫಕ್ಕನೆ ಕೈ ಕೊಡವಿದಳು.

“ಅವ್ವ, ಕಚ್ತು!”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಂದು ಕ್ಷಣ ಬಿಟ್ಟು ತಂತಿಯನ್ನು ಮುಟ್ಟಿದರೆ ಏನೂ ಇಲ್ಲ. ಮತ್ತೆ ಒಂದು ಕ್ಷಣಕ್ಕೆ ಚುರ್ ಎಂದಿತು. ಕಚ್ಚುತ್ತದೆ, ಬಿಡುತ್ತದೆ, ಕಚ್ಚುತ್ತದೆ, ಬಿಡುತ್ತದೆ. ಫೋನಿನ ಗಂಟೆ ಹಾಗೆಯೇ ಅಲ್ಲವೇ ಬಾರಿಸುವುದು? ಅವ್ವನಿಗೆ ಮೊದಲು ಹೊಳೆಯಿತು. “ನಿಮ್ಮಪ್ಪ ಕೂಗ್ತಾವ್ರೆ ಕಣೇ, ಬುಡ್ಬೇಡ, ಸೇರ್ಸು” ಎಂದಳು. ಅಕ್ಕ ತುಟಿ ಕಚ್ಚಿ, ಕಚ್ಚುವ ತಂತಿಯನ್ನು ಬಿಡದೆ, ಒಂದೇ ಸಲಕ್ಕೆ ಹೊಸೆದಳು.

ಗಂಟೆ ಬಾರಿಸಿತು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಸದ್ದು ನಾನು ಕೇಳಿಲ್ಲ, ದೇವರ ಗುಡಿಯದನ್ನೂ ಸೇರಿಸಿ ಹೇಳುತ್ತೇನೆ, ಅವನು ಕ್ಷಮಿಸಲಿ.

ಅವ್ವ ಫೋನೆತ್ತಿ ‘ಊಂ’ ಎಂದಳು. ಆಮೇಲೆ ಬರೀ ಕೇಳಿದಳು. ಅವಳ ಮುಖದಿಂದ ಏನೂ ತಿಳಿಯುತ್ತಿರಲಿಲ್ಲ. ಫೋನನ್ನು ನಮ್ಮ ಕಡೆ ಚಾಚಿದಳು. ಅಜ್ಜಿ ಅದಕ್ಕೂ ಮೊದಲು ಎಂದೂ ಫೋನಿನಲ್ಲಿ ಮಾತಾಡಿದವಳಲ್ಲ, ಮೈಸೂರಿನಿಂದ ಕೊಳ್ಳೇಗಾಲಕ್ಕೆ ಕೂಗಿ ಹೇಳುವವಳ ಹಾಗೆ ಹೇಳುತ್ತಿದ್ದಳು.

“ಅಮ್ಮಿ, ಇಲ್ಲಿ ಡಾಕ್ಟ್ರಮ್ಮನ ಸೀರೆ ಸೆರಗಲ್ಲಿ ಎರಡೆಳೆ ತಪ್ಪೋಗವೆ ಕಣೇ. ಯಾವನು ನೇಯ್ದವ್ನೋ ಕಾಣೆ.”

ದಪ್ಪ ಗಾಜಿನ ಕನ್ನಡಕ ಹಾಕಿಸಿ, ಏನು ಕಾಣಿಸುತ್ತದೆ ಎಂದು ಡಾಕ್ಟರು ಕೇಳಿದರಂತೆ. ಅಜ್ಜಿ ಮೊದಲು ಹೇಳಿದ್ದೇ ಇದನ್ನು. ಪಾಪ, ಆ ಡಾಕ್ಟರಮ್ಮ ಸೆರಗು ಎಳೆದುಕೊಂಡು ನಕ್ಕರಂತೆ.

ನಾವು ನಕ್ಕೆವು, ಅತ್ತೆವು. ಅವ್ವ ಮಾತ್ರ ನಡುಮನೆಗೆ ಹೋಗಿ ಚೀಲದ ಗಂಟು ಬಿಚ್ಚಿ, ಎರಡೂ ಸೀರೆಗಳನ್ನು ಹೊರಗೆ ತೆಗೆದು, ನಿಧಾನವಾಗಿ ಮತ್ತೆ ಮಡಚಿ ಪೆಟ್ಟಿಗೆಯಲ್ಲಿ ಇಟ್ಟಳು. ಹುರಿಟ್ಟನ್ನು ಬೆಲ್ಲದಲ್ಲಿ ಕಲಸಿ ನಮಗೆ ಉಂಡೆ ಮಾಡಿಕೊಟ್ಟಳು. ನೀಲಿಯ ತಂತಿಗೆ ರೇಷ್ಮೆ ಸುತ್ತಲು ಅಕ್ಕನಿಗೆ ಆಮೇಲೆ ಪುರಸೊತ್ತಾಯಿತು.

ಸೋಮವಾರ ಲೈನ್‌ಮನ್ನರನ್ನು ಕರೆಸಿ ನಡೆದದ್ದನ್ನೆಲ್ಲ ಹೇಳಿದೆವು. ಆ ಹೆಚ್ಚಿನ ಸುತ್ತನ್ನು ಅವರು ಮರೆತು ಬಿಟ್ಟದ್ದಲ್ಲವಂತೆ, ಮುಂದೆ ಡಬ್ಬಿ ಬದಲಿಸುವಾಗ ಬೇಕಾಗುತ್ತದೆ ಎಂದು ಬೇಕೆಂದೇ ಬಿಟ್ಟದ್ದಂತೆ. ರೇಷ್ಮೆ ಸುತ್ತಿದ ಎರಡು ಗಂಟುಗಳನ್ನು ಬಹಳ ಹೊತ್ತು ನೋಡಿದರು. ಹಿಂದಿನ ಕಾಲದಲ್ಲಿ ತಂತಿಗಳಿಗೆ ರೇಷ್ಮೆಯನ್ನೇ ಹೊದಿಸುತ್ತಿದ್ದರು, ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ಹಾಗೇ ಇರಲಿ ಎಂದು ಡಬ್ಬಿಯ ಹಿಂದಕ್ಕೆ ಸೇರಿಸಿಟ್ಟು ಹೋದರು.

ಅದು ಅಲ್ಲೇ ಉಳಿಯಿತು. ಅಜ್ಜಿ ಇನ್ನೂ ಹಲವು ವರ್ಷ ಎಳೆ ಕೆಚ್ಚಿದಳು, ಆಮೇಲೆ ಹೋದಳು. ಮಗ್ಗಗಳು ನಿಂತವು. ಅಕ್ಕ ಯಳಂದೂರಿಗೆ ಮದುವೆಯಾಗಿ ಹೋದಳು. ನಿಮ್ಮ ಅಮ್ಮ ಕಾಲೇಜಿಗೆ ಹೋಗುತ್ತಿದ್ದಾಗ ಅದೇ ತಂತಿಯಲ್ಲಿ ಇಂಟರ್ನೆಟ್ ಬಂತು. ಬಂದವರು ಗೋಡೆಯ ಡಬ್ಬಿಗೆ ಒಂದು ಪುಟ್ಟ ಕವಲು ಸಿಕ್ಕಿಸಿ, ಒಂದು ಬಾಯಿಗೆ ಫೋನು, ಇನ್ನೊಂದಕ್ಕೆ ದೀಪ ಮಿಣುಕುವ ಮೋಡೆಮ್ ಜೋಡಿಸಿದರು. ಎರಡೇ ತಂತಿಯಲ್ಲಿ ಮಾತೂ ಇದೂ ಒಟ್ಟಿಗೆ ಹೇಗೆ ಹೋಗುತ್ತವೆ ಎಂದು ಅವರನ್ನೂ ಕೇಳಿದೆ. ಮಾತು ತಗ್ಗಿನ ದನಿಯಲ್ಲಿ ಹೋಗುತ್ತದೆ, ಇಂಟರ್ನೆಟ್ಟು ನಮ್ಮ ಕಿವಿಗೆ ಕೇಳಿಸದಷ್ಟು ಮೇಲಿನ ದನಿಯಲ್ಲಿ, ಒಂದಕ್ಕೊಂದು ಅಡ್ಡಬರುವುದಿಲ್ಲ ಎಂದರು. ಒಂದೇ ಹಾಸಿನಲ್ಲಿ ಒಡಲೂ ಅಂಚೂ ನೇಯ್ದ ಹಾಗೆ ಎಂದುಕೊಂಡೆ. ನಿಮ್ಮಮ್ಮನ ಪರೀಕ್ಷೆಯ ಫಲಿತಾಂಶ ನಿಮ್ಮ ದೊಡ್ಡಜ್ಜಿ, ಅಂದರೆ ನನ್ನ ಅಕ್ಕ, ಹೊಸೆದ ಗಂಟನ್ನು ದಾಟಿಯೇ ಈ ಮನೆಗೆ ಬಂದದ್ದು.

ಆದರೆ ಗಳಿಗೆಗೊಮ್ಮೆ ಕಟ್ಟಾಗುತ್ತಿತ್ತು. ಮತ್ತೆ ಬಂದವರು ಡಬ್ಬಿ ಬಿಚ್ಚಿ ಆ ಗಂಟುಗಳನ್ನು ನೋಡಿ, ಫೋನಿಗೆ ಇದು ಸಾಕಾಗಿತ್ತು ಮೇಡಂ, ಇಂಟರ್ನೆಟ್ಟಿಗೆ ನಡುವೆ ಗಂಟು ಇರಬಾರದು ಎಂದು ಗಂಟಿಲ್ಲದ ಹೊಸ ತಂತಿ ಎಳೆದರು. ಹಳೆಯ ತುಂಡನ್ನು ನಾನು ಕೇಳಿ ಇಸಕೊಂಡೆ. ದೇವರ ಗೂಡಿನಲ್ಲಿ ಕುಂಕುಮದ ಡಬ್ಬಿಯ ಪಕ್ಕ ಇರುವುದು ಅದೇ. ಅದೇನಜ್ಜಿ ಎಂದು ಹೋದ ವಾರ ನೀವು ಕೇಳಿದಿರಲ್ಲ. ಹಳದಿ ರೇಷ್ಮೆ ಈಗ ಬೂದು ಬಣ್ಣಕ್ಕೆ ತಿರುಗಿದೆ. ಗಂಟು ಸಡಿಲಾಗಿಲ್ಲ.

ಈಗ ನಿಮಗೆ ಗೋಡೆಯ ತಂತಿಯೇ ಬೇಡ. ಯಳಂದೂರಿನ ದೊಡ್ಡಜ್ಜಿಯ ಮುಖ ನೋಡುತ್ತಾ ಮನೆಯೆಲ್ಲ ಓಡಾಡಿಕೊಂಡು ಮಾತಾಡುತ್ತೀರಿ. ನಡುವೆ ನಿಂತುಹೋದರೆ ನೆಟ್‌ವರ್ಕ್ ಇಲ್ಲ ಎಂದು ಆಟಕ್ಕೆ ಹೋಗುತ್ತೀರಿ. ಒಳ್ಳೆಯದೇ. ಫೋನು ಬರಲಿಲ್ಲವೆಂದು ಯಾರೂ ಬಾಗಿಲಲ್ಲಿ ಚೀಲ ಕಟ್ಟಿಕೊಂಡು ಕೂರಬೇಕಿಲ್ಲ, ಅದು ನಿಮ್ಮ ಕಾಲಕ್ಕೆ ದೇವರು ಕೊಟ್ಟ ದಯೆ. ನಮಗೆ ಫೋನು ಬಂದರೆ ಒಂದು ಸುದ್ದಿ, ಬರದಿದ್ದರೆ ಇನ್ನೊಂದು ಸುದ್ದಿ.

ಆದರೂ ಹಳೆಯ ಕೈ ನೋಡಿ ಇದು. ನಿಮ್ಮ ಚಾರ್ಜರಿನ ತಂತಿಗಳು ಮೇಜಿನಿಂದ ಜೋತುಬಿದ್ದದ್ದು ಕಂಡರೆ ಇವತ್ತಿಗೂ ನನ್ನ ಬೆರಳು ಕೊರಳಿನ ಹತ್ತಿರ ಹೋಗುತ್ತದೆ, ಇಲ್ಲದ ಕತ್ತರಿಯನ್ನು ಹುಡುಕುತ್ತದೆ. ಆಗ ಸುಮ್ಮನೆ ಅವನ್ನು ಸುತ್ತಿ, ಒಂದು ಎಳೆ ರೇಷ್ಮೆಯಿಂದ ಕಟ್ಟಿಡುತ್ತೇನೆ. ಬೆಳಿಗ್ಗೆ ಎದ್ದು, ಇದಕ್ಕೆ ನೂಲು ಯಾರು ಕಟ್ಟಿದರು ಎಂದು ಗೊಣಗುತ್ತಾ ಬಿಚ್ಚುತ್ತೀರಲ್ಲ. ಬಿಚ್ಚಿ, ಪರವಾಗಿಲ್ಲ. ಕತ್ತರಿಸಬೇಡಿ.